ಬಿಸಿಲುಕೋಲು ಫೋಟೊದಲ್ಲಿ ಬರುತ್ತಿಲ್ಲವೇ? ಕೊಡಗಿನ ತೋಟ, ಗದ್ದೆ, ಬೆಟ್ಟಗಳಲ್ಲಿ ದೋಷ ಹುಡುಕುವ ಕ್ರಮ

ಮರಗಳ ಸಂದಿಯಿಂದ ಇಳಿಯುವ ಬಿಸಿಲುಕೋಲಿನ ಫೋಟೊ ಕೆಟ್ಟರೆ ಹೆಚ್ಚಿನವರು ಮೊದಲು ಕೈಹಾಕುವುದು ಕ್ಯಾಮೆರಾದ ಸೆಟ್ಟಿಂಗ್‌ಗೆ. ಹುಡುಕಬೇಕಾದ ಜಾಗಗಳಲ್ಲಿ ಅದು ಮೂರನೆಯದು. ಮೊದಲನೆಯದು ಗಾಳಿ, ಅಂದರೆ ಬೆಳಕನ್ನು ಚದುರಿಸಿ ಕೋಲನ್ನು ಕಣ್ಣಿಗೆ ಕಾಣಿಸುವ ಮಂಜು, ಹಬೆ ಅಥವಾ ಹೊಗೆ. ಎರಡನೆಯದು ನೀವು ನಿಂತ ಜಾಗ. ಇವೆರಡೂ ಸರಿಯಿದ್ದ ಮೇಲೆ ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣ), ಆಮೇಲೆ ಲೆನ್ಸಿನ ಗಾಜು, ಕೊನೆಗೆ ಮನೆಯಲ್ಲಿ ಮಾಡುವ ಎಡಿಟಿಂಗ್. ಇದೇ ಕ್ರಮದಲ್ಲಿ ಹೋದರೆ ಬೆಳಗಿನ ಆ ಹದಿನೈದಿಪ್ಪತ್ತು ನಿಮಿಷ ಕೈಜಾರುವುದಿಲ್ಲ.

ಮೊದಲು ಒಂದು ನಿಮಿಷದ ಪರೀಕ್ಷೆ

ಕ್ಯಾಮೆರಾ ಕೆಳಗಿಳಿಸಿ. ಸೂರ್ಯ ಒಂದು ಮರದ ಕಾಂಡದ ಹಿಂದೆ ಮರೆಯಾಗುವಂತೆ ನಿಂತು ನೋಡಿ. ಆಕಾಶದಲ್ಲಿ ಸೂರ್ಯನ ಅಗಲ ಬರೀ ಅರ್ಧ ಡಿಗ್ರಿ; ಹತ್ತು ಮೀಟರ್ ದೂರದ, 40 ಸೆಂಟಿಮೀಟರ್ ದಪ್ಪದ ಸಿಲ್ವರ್ ಓಕ್ ಮರ ಎರಡು ಡಿಗ್ರಿಗಿಂತ ಹೆಚ್ಚು ಜಾಗ ಮರೆಮಾಡುತ್ತದೆ. ತಲೆಯನ್ನು ಒಂದು ಗೇಣು ಆಚೀಚೆ ಸರಿಸಿದರೆ ಸೂರ್ಯ ಕಾಣುತ್ತಾನೆ, ಮರೆಯಾಗುತ್ತಾನೆ. ಮರೆಯಾದಾಗ ಮೂರರಲ್ಲಿ ಒಂದು ಆಗುತ್ತದೆ.

ಬರಿಗಣ್ಣಿಗೂ ಕೋಲು ಕಾಣದಿದ್ದರೆ ದೋಷ ಗಾಳಿಯಲ್ಲೋ ಜಾಗದಲ್ಲೋ ಇದೆ, ಕ್ಯಾಮೆರಾ ಮುಟ್ಟಬೇಡಿ. ಕಣ್ಣಿಗೆ ಕಂಡು ಪರದೆಯಲ್ಲಿ ಕಾಣದಿದ್ದರೆ, ಲೆನ್ಸಿನ ಮುಂಗಾಜಿನ ಮೇಲೆ ಬಿಸಿಲು ಬೀಳದಂತೆ ಅಂಗೈ ಅಡ್ಡ ಹಿಡಿದು ಇನ್ನೊಂದು ಫೋಟೊ ತೆಗೆಯಿರಿ. ಕೋಲು ಎದ್ದು ಬಂದರೆ ದೋಷ ಗಾಜಿನದು, ಬರದಿದ್ದರೆ ಎಕ್ಸ್‌ಪೋಷರಿನದು. ಪರದೆಯಲ್ಲಿ ಚೆನ್ನಾಗಿದ್ದು ಮನೆಗೆ ಬಂದ ಮೇಲೆ ಮಾಯವಾದರೆ ನೇರವಾಗಿ ಕೊನೆಯ ಭಾಗಕ್ಕೆ ಹೋಗಿ.

ಕಣ್ಣಿಗೇ ಕೋಲು ಕಾಣುವುದಿಲ್ಲ

ಅರ್ಧಕ್ಕಿಂತ ಹೆಚ್ಚು ಸೋಲು ಇಲ್ಲೇ ಆಗುವುದರಿಂದ ಈ ಭಾಗ ಉದ್ದವಿದೆ.

ಮಂಜು ಎಷ್ಟಿದೆ ನೋಡಿ. ಮಂಜು ಹೆಚ್ಚಿದಷ್ಟೂ ಕೋಲು ಚೆನ್ನ ಎಂಬ ನಂಬಿಕೆ ತಪ್ಪು. ಐವತ್ತು ಮೀಟರಿನಾಚೆಯ ಮರ ಕಾಣದಷ್ಟು ದಟ್ಟವಾಗಿದ್ದರೆ ಬೆಳಕು ಹನಿಯಿಂದ ಹನಿಗೆ ಬಡಿದು ಎಲ್ಲ ದಿಕ್ಕಿಗೂ ಚದುರಿ, ನೆರಳೂ ಕೋಲೂ ಒಂದೇ ಬಿಳಿಯಾಗುತ್ತವೆ. ಪೂರ್ತಿ ತಿಳಿಯಾದ ಗಾಳಿಯಲ್ಲಿ ಚದುರಿಸಲು ಏನೂ ಇರುವುದಿಲ್ಲ. ಬೇಕಾದದ್ದು ನೂರರಿಂದ ಮುನ್ನೂರು ಮೀಟರ್ ದೂರದ ಮರಗಳು ಮಸುಕಾಗಿ, ಆದರೆ ಆಕಾರ ತಿಳಿಯುವಂತೆ ಕಾಣುವ ಮಂಜು. ಅಂದಾಜು ಸಿಗದಿದ್ದರೆ ತೋಟದ ರಸ್ತೆಯಲ್ಲಿ ನೂರು ಹೆಜ್ಜೆ ನಡೆದು ಹಿಂದಿರುಗಿ ನೋಡಿ. ಹೊರಟ ಜಾಗದ ಗೇಟು ಮಸುಕಾಗಿ ಕಂಡರೆ ಹದ ಸರಿಯಿದೆ.

ನವೆಂಬರಿನಿಂದ ಫೆಬ್ರವರಿವರೆಗೆ ಕೊಡಗಿನ ತಗ್ಗುಗಳಲ್ಲಿ ಕಟ್ಟುವ ಮಂಜಿಗೆ ಮೋಡವಿಲ್ಲದ ರಾತ್ರಿ, ನಿಂತ ಗಾಳಿ, ಒದ್ದೆ ನೆಲ ಬೇಕು. ಆದ್ದರಿಂದ ಗದ್ದೆ ಬಯಲು ಮತ್ತು ಕಾವೇರಿ ದಂಡೆ, ಸಿದ್ದಾಪುರದಿಂದ ದುಬಾರೆ, ಕುಶಾಲನಗರದ ಕಡೆಗಿನ ತಗ್ಗು, ಮೊದಲ ಆಯ್ಕೆ. ರಾತ್ರಿ ಗಾಳಿ ಬೀಸಿದ್ದರೆ ಅಥವಾ ಮೋಡ ಕವಿದಿದ್ದರೆ ಬೆಳಗ್ಗೆ ಐದಕ್ಕೆ ಎದ್ದು ಹೋಗುವುದರಲ್ಲಿ ಅರ್ಥವಿಲ್ಲ, ಮಲಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ಕಾಣುವುದು ಬೇರೆ ಜಾತಿ: ಮೋಡವೇ ನೆಲಕ್ಕೆ ಇಳಿದಿರುತ್ತದೆ, ಮೇಲೆ ಇನ್ನಷ್ಟು ಮೋಡ. ಸೂರ್ಯ ತೂರಿ ಬರುವ ಸಾಧ್ಯತೆ ಕಡಿಮೆ. ಆದರೆ ಮಳೆ ಹೊಳವಾಗಿ ಹಠಾತ್ತನೆ ಬಿಸಿಲು ಬಿದ್ದರೆ ಒದ್ದೆ ರಸ್ತೆ, ಮರದ ತೊಗಟೆಗಳಿಂದ ಹಬೆ ಏಳುತ್ತದೆ, ಕೆಲವೇ ನಿಮಿಷ ಅದ್ಭುತ ಕೋಲುಗಳು ಸಿಗುತ್ತವೆ. ಅದಕ್ಕೆ ಕ್ಯಾಮೆರಾ ಹೆಗಲ ಮೇಲಿರಬೇಕು, ಚೀಲದೊಳಗಲ್ಲ.

ಹೊತ್ತು. ಕೊಡಗು 75.7 ಡಿಗ್ರಿ ರೇಖಾಂಶದ ಆಸುಪಾಸಿನಲ್ಲಿದೆ, ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿಯ ಲೆಕ್ಕದಲ್ಲಿ. ಹಾಗಾಗಿ ಇಲ್ಲಿ ಸೂರ್ಯ ಗಡಿಯಾರಕ್ಕಿಂತ ಸುಮಾರು 27 ನಿಮಿಷ ಹಿಂದೆ. ಜನವರಿ ನಡುವಿನಲ್ಲಿ ಮಡಿಕೇರಿಯ ಸೂರ್ಯೋದಯ 6.50ರ ಮೇಲೆ, ಸೂರ್ಯ ಹತ್ತು ಡಿಗ್ರಿ ಏರುವಾಗ 7.35 ದಾಟಿರುತ್ತದೆ, ಹದಿನೈದು ಡಿಗ್ರಿಗೆ ಎಂಟು ಗಂಟೆ. ಪೂರ್ವಕ್ಕೆ ಗುಡ್ಡವಿದ್ದರೆ ಇನ್ನೂ ತಡ. ಆರೂವರೆಗೆ ಬಂದು ಏಳೂಕಾಲಿಗೆ ಬೇಸತ್ತು ಕಾಫಿ ಕುಡಿಯಲು ಹೋಗುವವರು ಹದ ಬರುವ ಮೊದಲೇ ಹೊರಟಿರುತ್ತಾರೆ. ಮಂಜು ತೆಳುವಾಗತೊಡಗುವ ಏಳೂಮುಕ್ಕಾಲರಿಂದ ಎಂಟೂವರೆವರೆಗೆ ಜಾಗ ಬಿಡಬೇಡಿ.

ದಿಕ್ಕು. ಮಂಜಿನ ಹನಿ ಬೆಳಕನ್ನು ಬಹುಪಾಲು ಮುಂದಕ್ಕೇ ಚದುರಿಸುತ್ತದೆ. ಆದ್ದರಿಂದ ಸೂರ್ಯನ ಕಡೆ ಮುಖ ಮಾಡಿದರೆ ಕೋಲು ಪ್ರಖರ, ಬದಿಗೆ ತಿರುಗಿದರೆ ಸಪ್ಪೆ, ಬೆನ್ನು ಹಾಕಿದರೆ ಹೆಚ್ಚುಕಡಿಮೆ ಇಲ್ಲ. ಸೂರ್ಯನಿಂದ ನಲವತ್ತು ಡಿಗ್ರಿ ಒಳಗಿನ ಜಾಗವನ್ನು ಚೌಕಟ್ಟಿಗೆ ತನ್ನಿ. ಕೈ ಪೂರ್ತಿ ಚಾಚಿ ಹಿಡಿದ ಗೇಣು ಸುಮಾರು ಇಪ್ಪತ್ತು ಡಿಗ್ರಿ, ಅಂದರೆ ಎರಡು ಗೇಣು. ಸೂರ್ಯ ಹುಟ್ಟುವ ಜಾಗವೂ ವರ್ಷವಿಡೀ ಒಂದೇ ಅಲ್ಲ: ಡಿಸೆಂಬರ್ ಕೊನೆಗೆ ನೇರ ಪೂರ್ವದಿಂದ 24 ಡಿಗ್ರಿ ದಕ್ಷಿಣಕ್ಕೆ, ಜೂನ್ ಕೊನೆಗೆ ಅಷ್ಟೇ ಉತ್ತರಕ್ಕೆ. ಡಿಸೆಂಬರಿನಲ್ಲಿ ಕೋಲು ಬಿದ್ದ ತೋಟದ ದಾರಿಯಲ್ಲಿ ಮಾರ್ಚ್ ಕೊನೆಗೆ ಬೀಳದಿದ್ದರೆ ಜಾಗ ಕೆಟ್ಟಿಲ್ಲ, ಸೂರ್ಯ ಸರಿದಿದ್ದಾನೆ.

ಕಿಂಡಿಯ ಲೆಕ್ಕ. ಇದನ್ನು ಯಾರೂ ಹೇಳುವುದಿಲ್ಲ, ಬಹಳ ಸಲ ದೋಷ ಇರುವುದು ಇಲ್ಲಿ. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿಯ ತಟ್ಟೆ. ಹಾಗಾಗಿ ಎಲೆಗಳ ಸಂದಿಯಿಂದ ಹೊರಟ ಕೋಲಿನ ಅಂಚು ದೂರ ಹೋದಂತೆ ಮಸುಕಾಗುತ್ತದೆ, ಪ್ರತಿ ಮೀಟರಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು. ಇಪ್ಪತ್ತು ಮೀಟರ್ ಎತ್ತರದ ನೆರಳು ಮರದ ತುದಿಯಿಂದ, ಸೂರ್ಯ ಹದಿನೈದು ಡಿಗ್ರಿಯಲ್ಲಿದ್ದಾಗ, ಬೆಳಕು ನೆಲ ಮುಟ್ಟಲು 77 ಮೀಟರ್ ಬರಬೇಕು. ಅಷ್ಟರಲ್ಲಿ ಅಂಚಿನ ಮಸುಕು ಮುಕ್ಕಾಲು ಮೀಟರಿಗೆ ಹತ್ತಿರವಾಗಿರುತ್ತದೆ. ಮೇಲಿನ ಕಿಂಡಿ ಅಂಗೈಯಗಲದ್ದಾದರೆ ಆ ಕೋಲು ಕೆಳಗೆ ಬರುವಷ್ಟರಲ್ಲಿ ಪಕ್ಕದವುಗಳಲ್ಲಿ ಕರಗಿ ಹೋಯಿತು. ಸರಳ ನಿಯಮ: ಕಿಂಡಿಯಿಂದ ನಿಮ್ಮ ಚೌಕಟ್ಟಿನ ಜಾಗಕ್ಕೆ ಇರುವ ದೂರದ ನೂರನೇ ಒಂದು ಭಾಗಕ್ಕಿಂತ ಕಿಂಡಿ ದೊಡ್ಡದಿರಬೇಕು, ಎರಡು ಪಟ್ಟಿದ್ದರೆ ಕೋಲು ಸ್ಪಷ್ಟ.

ಇದರಿಂದ ಮೂರು ದಾರಿ ಹೊಳೆಯುತ್ತವೆ. ಎತ್ತರದ ಕೊಂಬೆಗಳನ್ನು ಬಿಟ್ಟು ಹತ್ತು ಹನ್ನೆರಡು ಮೀಟರ್ ಒಳಗಿನ ಕಿಂಡಿಗಳನ್ನು ಹುಡುಕಿ: ಹಾಲುವಾಣ ಮರದ ಕೊಂಬೆ ಸಂದಿ, ಮೆಣಸಿನ ಬಳ್ಳಿ ಹಬ್ಬಿದ ಕಾಂಡಗಳ ನಡುವಿನ ಜಾಗ. ಮುಂಗಾರಿಗೆ ಮೊದಲು ಮರಗಸಿ (ನೆರಳು ಮರಗಳ ಕೊಂಬೆ ಕಡಿತ) ಆದ ತೋಟವನ್ನು ಆರಿಸಿಕೊಳ್ಳಿ. ಕೊಂಬೆ ಕಡಿದಲ್ಲಿ ಕಿಂಡಿಗಳು ದೊಡ್ಡವಿರುತ್ತವೆ. ಮಂಜು ನಿಂತೇ ಇದ್ದರೆ ಸೂರ್ಯ ಮೂವತ್ತು ಡಿಗ್ರಿಗೆ ಏರುವ ತನಕ ಕಾಯಿರಿ. ಆಗ ಅದೇ ಇಪ್ಪತ್ತು ಮೀಟರ್ ಮರದಿಂದ ಬೆಳಕು ನಡೆಯುವ ದಾರಿ 40 ಮೀಟರಿಗೆ ಇಳಿದು ಕೋಲಿನ ಅಂಚು ಹರಿತವಾಗುತ್ತದೆ. ಒಂಬತ್ತು ಗಂಟೆಯ ಮಂಜು ಸಿಗುವುದು ಅಪರೂಪ, ಸಿಕ್ಕಿದರೆ ಬಿಡಬೇಡಿ.

ಹಿನ್ನೆಲೆ ಕಪ್ಪಿರಬೇಕು. ಕೋಲು ಆಕಾಶದ ಮುಂದೆ ಬಿದ್ದರೆ ಇದ್ದೂ ಇಲ್ಲದಂತೆ. ಅದರ ಹಿಂದೆ ನೆರಳಿನಲ್ಲಿರುವ ದಟ್ಟ ಮರಗಳು, ಬಾಣೆಯ (ಗದ್ದೆಗೆ ಸೇರಿದ ಎತ್ತರದ ಮರಗಾಡು ಜಾಗ) ಏರು ಅಥವಾ ದೇವರಕಾಡಿನ ಅಂಚು ಬರುವಂತೆ ಎರಡು ಹೆಜ್ಜೆ ತಗ್ಗಿಗೆ ಇಳಿಯಿರಿ ಇಲ್ಲವೇ ಮಂಡಿಯೂರಿ. ದೇವರಕಾಡಿನ ಒಳಗೆ ಹೋಗುವ ಮೊದಲು ಊರವರನ್ನು ಕೇಳಿ; ಕೆಲವು ಕಡೆ ಕಟ್ಟುಪಾಡುಗಳಿವೆ.

ಬರೀ ಗದ್ದೆಯ ನಡುವೆ ನಿಂತು ಕೋಲಿಗಾಗಿ ಕಾಯುವುದು ಸಾಮಾನ್ಯ ತಪ್ಪು. ಅಲ್ಲಿ ಮಂಜಿದೆ, ಕಿಂಡಿ ಇಲ್ಲ. ಗದ್ದೆಯ ಪೂರ್ವ ಅಂಚಿನಲ್ಲಿ ತೋಟವಿದ್ದರೆ, ಮರಗಳ ಸಾಲಿನಿಂದ ಇಪ್ಪತ್ತು ಮೂವತ್ತು ಮೀಟರ್ ಪಶ್ಚಿಮಕ್ಕೆ ನಿಂತು ಪೂರ್ವಕ್ಕೆ ನೋಡಿ. ಗದ್ದೆಯ ಮಂಜು ಮರಗಳ ಬುಡಕ್ಕೆ ಹರಿಯುವಲ್ಲೇ ಕೋಲುಗಳು ಮೂಡುವುದು.

ಮಂಜಿಲ್ಲದ ದಿನ ಬೇರೇನಿದೆ? ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ತಡವಾದರೆ ರೊಬಸ್ಟಾ ಕಾಫಿ ತೋಟಗಳಲ್ಲಿ ಸ್ಪ್ರಿಂಕ್ಲರ್ ಹಾಯಿಸುತ್ತಾರೆ. ಆ ನೀರಿನ ಹನಿ ಎದುರು ಬೆಳಕಿನಲ್ಲಿ ಚೆನ್ನಾಗಿ ಹೊಳೆಯುತ್ತದೆ, ಬೆನ್ನು ಹಾಕಿದರೆ ಕಾಮನಬಿಲ್ಲು. ಹನಿ ಮಂಜಿನದಕ್ಕಿಂತ ದೊಡ್ಡದು, ಬೇಗ ಬೀಳುತ್ತದೆ. ಶಟರ್ 1/500 ಸೆಕೆಂಡಿಗಿಂತ ಚುರುಕಾಗಿದ್ದರೆ ಕೋಲಿನ ಬದಲು ಚುಕ್ಕೆಗಳು ಬರುತ್ತವೆ, 1/60ರಲ್ಲಿ ಹನಿಗಳು ಬೆರೆತು ಕೋಲಿನ ಆಕಾರ ಸಿಗುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಗಳ ಒಲೆ ಹೊಗೆ ಬೆಳಗಿನ ತಂಪಿನಲ್ಲಿ ಮೇಲೇರದೆ ಮರಗಳ ನಡುವೆ ಹರಡುತ್ತದೆ, ಅದೂ ಸಾಕು. ಆದರೆ ಕೋಲಿಗಾಗಿ ತರಗೆಲೆ ರಾಶಿ ಹಾಕಿ ಬೆಂಕಿ ಹಚ್ಚುವ ಬುದ್ಧಿ ಬೇಡ. ಬೇಸಿಗೆಯಲ್ಲಿ ಒಂದು ಕಿಡಿಗೆ ತೋಟ, ಕಾಡು ಎರಡೂ ಹೋಗುತ್ತವೆ.

ಇದೆಲ್ಲ ನಡೆಯುವುದು ಕಾಡಾನೆಗಳು ರಾತ್ರಿಯ ಮೇವು ಮುಗಿಸಿ ತೋಟದಿಂದ ಹಿಂದಿರುಗುವ ಹೊತ್ತಿನಲ್ಲೇ. ಹದವಾದ ಮಂಜಿನಲ್ಲಿ ನಿಂತ ಆನೆಯೂ ಬಂಡೆಯಂತೆಯೇ ಕಾಣುತ್ತದೆ. ತೋಟದ ಯಜಮಾನರ ಅನುಮತಿಯ ಜತೆಗೆ ಹಿಂದಿನ ರಾತ್ರಿ ಆನೆ ಎಲ್ಲಿತ್ತು ಎಂದು ತೋಟದ ಲೆಕ್ಕ ಬರೆಯುವ ರೈಟರನ್ನೋ ಕಾವಲಿನವರನ್ನೋ ಕೇಳಿ, ಒಬ್ಬರೇ ಹೋಗಬೇಡಿ. 1748 ಮೀಟರ್ ಎತ್ತರದ ತಡಿಯಂಡಮೋಳ್, ಬ್ರಹ್ಮಗಿರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು.

ಕಣ್ಣಿಗೆ ಕಂಡಿತು, ಫೋಟೊದಲ್ಲಿ ಬಿಳಿ ಪಟ್ಟಿ

ಕ್ಯಾಮೆರಾದ ಬೆಳಕಳೆಯುವ ಮೀಟರ್ ಇಡೀ ಚೌಕಟ್ಟನ್ನು ಸರಾಸರಿ ಮಾಡಿ ನೋಡುತ್ತದೆ. ತೋಟದೊಳಗೆ ಮುಕ್ಕಾಲು ಪಾಲು ಕಪ್ಪು ನೆರಳು. ಮೀಟರ್ ಆ ನೆರಳನ್ನು ಬೆಳಗಿಸಲು ಹೋಗಿ ಕೋಲನ್ನು ಸುಟ್ಟುಬಿಡುತ್ತದೆ. ಸುಟ್ಟ ಕೋಲನ್ನು ಎಡಿಟಿಂಗ್‌ನಲ್ಲಿ ಮರಳಿ ತರಲಾಗದು. ಕತ್ತಲಾದ ನೆರಳನ್ನು ರಾ ಫೈಲಿನಲ್ಲಿ (ಕ್ಯಾಮೆರಾ ಜೆಪೆಗ್ ಮಾಡದೆ ಉಳಿಸುವ ಮೂಲ ಫೈಲ್) ಎರಡು ಸ್ಟಾಪ್ ಎತ್ತಬಹುದು; ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ. ಆದ್ದರಿಂದ ಯಾವಾಗಲೂ ಕೋಲಿನ ಪರವಾಗಿ ಎಕ್ಸ್‌ಪೋಸ್ ಮಾಡಿ.

ಒಂದು ಉದಾಹರಣೆ. ಸಿಲ್ವರ್ ಮರಗಳ ಕೆಳಗೆ, ಎಂಟು ಗಂಟೆಗೆ, ಐಎಸ್‌ಓ 200, ಅಪರ್ಚರ್ (ಲೆನ್ಸಿನ ಬೆಳಕಿನ ಕಂಡಿ) ಎಫ್/8. ಮೀಟರ್ 1/30 ಹೇಳುತ್ತದೆ. ತೆಗೆದು ನೋಡಿದರೆ ಪರದೆಯಲ್ಲಿ ಕೋಲಿನ ಮೇಲ್ತುದಿ ಮಿನುಗುತ್ತಿದೆ, ಅಂದರೆ ಅಲ್ಲಿ ವಿವರ ಉಳಿದಿಲ್ಲ. 1/60ಕ್ಕೆ ತಂದರೂ ಮಿನುಗು ನಿಲ್ಲದು. 1/125ಕ್ಕೆ ಬಂದಾಗ ಸೂರ್ಯನ ಪಕ್ಕದ ಎಲೆಗಳ ಸಂದಿ ಮಾತ್ರ ಮಿನುಗುತ್ತದೆ, ಕೋಲಿನ ಮೈಯಲ್ಲಿ ಮಂಜಿನ ಎಳೆ ಕಾಣುತ್ತದೆ. ಅಲ್ಲಿ ನಿಲ್ಲಿ. ಕೆಳಗಿನ ಕಾಫಿ ಗಿಡಗಳು ಕಪ್ಪಾಗಿ ಕಾಣುತ್ತವೆ, ಕಾಣಲಿ. ಮೀಟರಿಗಿಂತ ಎರಡು ಸ್ಟಾಪ್ ಕಡಿಮೆ ಮಾಡಿದಂತಾಯಿತು. ಬಯಲು ಹೆಚ್ಚಿರುವ ಚೌಕಟ್ಟಿಗೆ ಒಂದು ಸ್ಟಾಪ್ ಸಾಕು.

ಮೀಟರನ್ನು ಸ್ಪಾಟ್‌ಗೆ (ಒಂದು ಸಣ್ಣ ಜಾಗವನ್ನಷ್ಟೇ ಅಳೆಯುವಂತೆ) ಇಟ್ಟು ಕೋಲಿನ ಪ್ರಖರ ಭಾಗವನ್ನು ಅಳೆದು, ಅದರ ಮೇಲೆ 1⅓ ಸ್ಟಾಪ್ ಹೆಚ್ಚಿಸುವುದು ಇನ್ನೂ ನಿಖರ. ಹೆಚ್ಚಿಸದಿದ್ದರೆ ಕೋಲು ನಡುಬೂದು ಬಣ್ಣಕ್ಕೆ ಇಳಿಯುತ್ತದೆ. ಹಿಸ್ಟೋಗ್ರಾಮ್ (ಕಪ್ಪಿನಿಂದ ಬಿಳಿವರೆಗೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡುವಾಗ ಬಣ್ಣಗಳ ಮೂರು ಗೆರೆ ಇರುವುದನ್ನೇ ನೋಡಿ. ಬೆಳಗಿನ ಬಿಸಿಲಿನಲ್ಲಿ ಕೆಂಪು ಗೆರೆ ಮೊದಲು ಬಲಗೋಡೆಗೆ ಬಡಿಯುತ್ತದೆ. ಒಟ್ಟು ಬೆಳಕಿನ ಒಂಟಿ ಗೆರೆ ಆಗಲೂ ಸರಿಯಿರುವಂತೆ ತೋರಿಸುತ್ತಿರುತ್ತದೆ. ಕೋಲು ಹೊನ್ನಿನ ಬದಲು ನಿಂಬೆ ಹಳದಿಯಾಗಿ ಬರುವುದು ಇದರಿಂದಲೇ.

ಎದುರು ದಿಕ್ಕಿನ ದೋಷವೂ ಇದೆ. ಗದ್ದೆ ಬಯಲಿನ ಬಿಳಿ ಮಂಜೇ ಚೌಕಟ್ಟು ತುಂಬಿದ್ದರೆ ಮೀಟರ್ ಅದನ್ನು ಬೂದು ಮಾಡಿ ಇಡೀ ಫೋಟೊ ಕೊಳಕಾಗಿ ಬರುತ್ತದೆ. ಅಲ್ಲಿ ಅರ್ಧದಿಂದ ಒಂದು ಸ್ಟಾಪ್ ಹೆಚ್ಚಿಸಬೇಕು. ತೋಟದೊಳಗೆ ಕಡಿಮೆ, ಬಯಲಿನಲ್ಲಿ ಹೆಚ್ಚು.

ಮಂಜು ಹರಿಯುತ್ತಿದ್ದರೆ ಶಟರ್ 1/60ಕ್ಕಿಂತ ನಿಧಾನ ಬೇಡ. ಸೆಕೆಂಡುಗಟ್ಟಲೆ ತೆರೆದಿಟ್ಟರೆ ಕೋಲಿನ ಒಳಗಿನ ಸುರುಳಿಗಳೆಲ್ಲ ಅಳಿಸಿ ಸಪಾಟಾಗುತ್ತದೆ. ಇದೇ ಕಾರಣಕ್ಕೆ ಮೂರು ಎಕ್ಸ್‌ಪೋಷರ್ ತೆಗೆದು ಬೆಸೆಯುವ ವಿಧಾನ ಇಲ್ಲಿ ನಂಬಿಕೆಗೆ ಅರ್ಹವಲ್ಲ. ಮೂರರಲ್ಲೂ ಮಂಜು ಬೇರೆ ಬೇರೆ ಕಡೆ ಇರುತ್ತದೆ, ಎಲೆಗಳಿಗೆ ಜೋಡಿ ಅಂಚು ಮೂಡುತ್ತದೆ. ಒಂದೇ ರಾ ಫೈಲ್ ಸಾಕು.

ಮಂಜಿನಲ್ಲಿ ಫೋಕಸ್ ಹಿಂದೆ ಮುಂದೆ ಓಡಿ ನಿಲ್ಲದಿದ್ದರೆ ಕೋಲಿನ ಮೇಲೆ ಗುರಿ ಇಡಬೇಡಿ, ಅದಕ್ಕೆ ಅಂಚಿಲ್ಲ. ಕೋಲಿನಷ್ಟೇ ದೂರದ ಕಾಂಡದ ಅಂಚಿಗೆ ಫೋಕಸ್ ಮಾಡಿ ಮ್ಯಾನುವಲ್‌ಗೆ ಬದಲಿಸಿ.

ಇಡೀ ಫೋಟೊ ಹಾಲು ಬೆರೆಸಿದಂತೆ

ಅಂಗೈ ಅಡ್ಡ ಹಿಡಿದಾಗ ಸರಿಹೋಗಿತ್ತು ಅಂದರೆ ನೀವು ಹುಡುಕುತ್ತಿದ್ದ ದೋಷ ಇದೇ. ಕಾರಣ ನಾಲ್ಕು, ಸುಲಭದ್ದರಿಂದ ಶುರು ಮಾಡಿ.

ಲೆನ್ಸಿನ ಮುಂದೆ ತಿರುಗಿಸಿದ ಯುವಿ ಫಿಲ್ಟರ್ ತೆಗೆಯಿರಿ. ಸೂರ್ಯನೆದುರು ಅದು ಒಂದು ಹೆಚ್ಚುವರಿ ಕನ್ನಡಿ. ಚೌಕಟ್ಟಿನ ನಡುವಿನಿಂದಾಚೆ, ಸೂರ್ಯನಿಗೆ ಎದುರು ಬದಿಯಲ್ಲಿ ಹಸಿರು ಚುಕ್ಕೆ ಬೀಳುತ್ತಿದ್ದರೆ ಬಹುತೇಕ ಅದರದೇ ಕೆಲಸ. ಲೆನ್ಸ್ ಹುಡ್ ಹಾಕಿ. ಸೂರ್ಯನೇ ಚೌಕಟ್ಟಿನೊಳಗೆ ಇದ್ದರೆ ಹುಡ್ ಉಪಯೋಗಕ್ಕೆ ಬಾರದು, ಕಾಂಡದ ಮರೆಗೇ ಹೋಗಬೇಕು. ದೂರದ ಲೆನ್ಸ್ ಹಾಕಿ ಆಪ್ಟಿಕಲ್ ವ್ಯೂಫೈಂಡರಿನಲ್ಲಿ ಸೂರ್ಯನನ್ನು ನೋಡಲೇಬೇಡಿ, ಕಣ್ಣು ಹೋಗುತ್ತದೆ.

ಎರಡನೆಯದು ಇಬ್ಬನಿ. ಗಾಜು ಸುತ್ತಲಿನ ತೇವಭರಿತ ಗಾಳಿಗಿಂತ ತಂಪಾಗಿದ್ದರೆ ಅದರ ಮೇಲೆ ನೀರು ಕೂರುತ್ತದೆ. ಏಪ್ರಿಲ್, ಮೇಯಲ್ಲಿ ಎಸಿ ಹಾಕಿದ ಕಾರಿನಿಂದ ಇಳಿದ ಕೂಡಲೇ ಹೀಗಾಗುತ್ತದೆ. ರಾತ್ರಿಯಿಡೀ ಕಾರಿನಲ್ಲಿ ಬಿಟ್ಟ ಕ್ಯಾಮೆರಾವನ್ನು ಬಿಸಿಲೇರಿದ ಮೇಲೆ ಹೊರತೆಗೆದರೂ ಆಗುತ್ತದೆ. ಬೆಳಗಿನ ಜಾವ ಟ್ರೈಪಾಡಿನ ಮೇಲೆ ಆಕಾಶಕ್ಕೆ ಮುಖಮಾಡಿ ಬಿಟ್ಟ ಲೆನ್ಸ್ ಗಾಳಿಗಿಂತಲೂ ತಣ್ಣಗಾಗಿ ತೊಯ್ಯುತ್ತದೆ. ಕಾಯುವಾಗ ಮುಚ್ಚಳ ಹಾಕಿಡಿ. ಹೊರಗೆ ತೆಗೆಯುವ ಇಪ್ಪತ್ತರಿಂದ ಮೂವತ್ತು ನಿಮಿಷ ಮೊದಲು ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಚೀಲದೊಳಗೇ ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಡಿ. ಒರೆಸಿದ ಎರಡೇ ನಿಮಿಷಕ್ಕೆ ಮತ್ತೆ ಮಂಜಾದರೆ ಒರೆಸುತ್ತ ಕೂರಬೇಡಿ, ಗಾಜು ಇನ್ನೂ ತಂಪಾಗಿದೆ ಅಷ್ಟೇ.

ಮೂರನೆಯದು, ಕೊಡಗಿನಲ್ಲಿ ಕ್ಯಾಮೆರಾ ಇಟ್ಟುಕೊಂಡವರೆಲ್ಲ ಹೆದರುವ ಬೂಷ್ಟು. ಮಾಮೂಲಿ ಫೋಟೊಗಳಲ್ಲಿ ಗೊತ್ತೇ ಆಗುವುದಿಲ್ಲ, ಸೂರ್ಯನೆದುರು ಹಿಡಿದಾಗಲೇ ಬಯಲಾಗುತ್ತದೆ. ಪರೀಕ್ಷೆ ಹೀಗೆ: ಲೆನ್ಸನ್ನು ಕ್ಯಾಮೆರಾದಿಂದ ಬಿಚ್ಚಿ, ಅಪರ್ಚರ್ ಪೂರ್ತಿ ತೆರೆದಿಡಿ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಹಿಂಬದಿಯಿಂದ ಓರೆಯಾಗಿ ಹಾಯಿಸಿ ಮುಂಬದಿಯಿಂದ ನೋಡಿ. ಜೇಡನ ಎಳೆಗಳಂತೆ ಕವಲೊಡೆದಿದ್ದರೆ ಬೂಷ್ಟು. ಒಂದೇ ಸಮನಾದ ಹಾಲಿನ ಪೊರೆಯಿದ್ದರೆ ಒಳಗಾಜಿನ ಮಬ್ಬು. ಸಣ್ಣ ಗುಂಡು ಹನಿಗಳಿದ್ದರೆ ಒಳಸೇರಿದ ತೇವ, ಇದು ಮಾತ್ರ ಒಣಗಿಸಿದರೆ ಹೋಗುತ್ತದೆ. ಕೆಲವು ಧೂಳಿನ ಕಣ ಕಂಡರೆ ಗಾಬರಿ ಬೇಡ, ಎಲ್ಲ ಲೆನ್ಸಿನಲ್ಲೂ ಇರುತ್ತವೆ. ಬೂಷ್ಟು ಬಂದದ್ದನ್ನು ಬಿಚ್ಚಿ ಒರೆಸಲು ರಿಪೇರಿಯವರಿಗೇ ಕೊಡಿ. ಅದು ಗಾಜಿನ ಲೇಪವನ್ನು ತಿಂದಿದ್ದರೆ ಒರೆಸಿದ ಮೇಲೂ ಕಲೆ ಉಳಿಯುತ್ತದೆ.

ತಡೆಯುವುದು ಅಗ್ಗ. ರಬ್ಬರ್ ಅಂಚಿನ ಗಟ್ಟಿ ಮುಚ್ಚಳದ ಡಬ್ಬ, ಒಳಗೆ ಕಾಲು ಕಿಲೋ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ. ಮುಳ್ಳು 40ರಿಂದ 50 ಶೇಕಡಾ ನಡುವೆ ಇರಲಿ. ಮೂವತ್ತಕ್ಕಿಂತ ಕೆಳಗಿಳಿಸಿದರೆ ಲೆನ್ಸಿನ ರಬ್ಬರ್ ಭಾಗಗಳಿಗೆ ಒಳ್ಳೆಯದಲ್ಲ. ನೀಲಿ ಹರಳು ಗುಲಾಬಿಯಾದರೆ ಅದರ ಹೀರುವ ಶಕ್ತಿ ಮುಗಿದಿದೆ, ಓವನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿ ಮತ್ತೆ ಬಳಸಿ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ವಾರಕ್ಕೊಮ್ಮೆಯಾದರೂ ನೋಡಬೇಕು. ಚರ್ಮದ ಚೀಲ, ಬಟ್ಟೆಯ ಬೀರು, ಅಕ್ಕಿ ಡಬ್ಬ ಮೂರೂ ಬೇಡ; ಅಕ್ಕಿಯ ಹಿಟ್ಟು ಲೆನ್ಸಿನ ಸಂದಿಗೆ ಸೇರುತ್ತದೆ.

ನಾಲ್ಕನೆಯ ಕಾರಣ ಬೆರಳಿನ ಜಿಡ್ಡು. ಅದರ ಮಾತು ಬೇರೆಯೇ ಇದೆ.

ಗೆರೆಗಳು ಬಂದಿವೆ, ಆದರೆ ಅದು ಬಿಸಿಲುಕೋಲಲ್ಲ

ಮೊಬೈಲಿನಲ್ಲಿ ತೆಗೆದ ಎಷ್ಟೋ ಫೋಟೊಗಳಲ್ಲಿ ಕಾಣುವ ಉದ್ದ ಗೆರೆ ಲೆನ್ಸಿನ ಮೇಲಿನ ಜಿಡ್ಡಿನದು. ಜೇಬಿನಿಂದ ತೆಗೆದು ಅಂಗಿಯ ಅಂಚಿನಲ್ಲಿ ಒಮ್ಮೆ ಸವರಿದರೆ ಸಾಕು, ಸವರಿದ ದಿಕ್ಕಿಗೆ ಅಡ್ಡಲಾಗಿ ಬೆಳಕು ಚಾಚುತ್ತದೆ. ಗುರುತಿಸುವುದು ಸುಲಭ: ಫೋನನ್ನು ನಿಧಾನವಾಗಿ ಓರೆ ತಿರುಗಿಸಿ. ಗೆರೆ ಫೋನಿನ ಜತೆಗೇ ತಿರುಗಿದರೆ ದೋಷ ಲೆನ್ಸಿನದು. ಮರಗಳ ಜತೆ ನಿಂತರೆ ಅದು ನಿಜವಾದ ಕೋಲು.

ಸೂರ್ಯನ ಸುತ್ತ ನಕ್ಷತ್ರದಂತೆ ಚೂಪು ಕಡ್ಡಿಗಳು ಬಂದಿದ್ದರೆ ಅದು ಎಫ್/16ರಂತಹ ಕಿರಿದಾದ ಅಪರ್ಚರಿನ ಎಲೆಗಳು ಮಾಡಿದ್ದು. ಎಲೆಗಳ ಸಂಖ್ಯೆ ಸಮವಾಗಿದ್ದರೆ ಅಷ್ಟೇ ಕಡ್ಡಿ, ಬೆಸವಾಗಿದ್ದರೆ ಎರಡು ಪಟ್ಟು: ಏಳು ಎಲೆಗೆ ಹದಿನಾಲ್ಕು. ಬೇಕೆಂದು ಮಾಡಿದರೆ ತಪ್ಪಿಲ್ಲ, ಆದರೆ ಕೋಲುಗಳಿರುವ ಚೌಕಟ್ಟಿನಲ್ಲಿ ಎರಡೂ ಜಗಳವಾಡುತ್ತವೆ. ಎಫ್/8ಕ್ಕೆ ಬನ್ನಿ. ಎಫ್/16ರಲ್ಲಿ ಇನ್ನೂ ಎರಡು ಕಾಟಗಳಿವೆ: ಚಿತ್ರ ಒಟ್ಟಾರೆ ಮೆದುವಾಗುತ್ತದೆ, ಸೆನ್ಸರಿನ ಧೂಳು ಮಂಜಿನ ಮೇಲೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ.

ಕೋಲುಗಳು ಬೀಸಣಿಗೆಯಂತೆ ಹರಡಿವೆ, ಸುಳ್ಳು ಕಾಣುತ್ತಿದೆ ಎನ್ನುವವರಿದ್ದಾರೆ. ಅದು ದೋಷವಲ್ಲ. ಕೋಲುಗಳು ನಿಜಕ್ಕೂ ಸಮಾನಾಂತರ. ರೈಲು ಹಳಿ ದೂರದಲ್ಲಿ ಕೂಡಿದಂತೆ ಕಾಣುತ್ತವೆ. ಹರಡುವಿಕೆ ಬೇಡವೆಂದರೆ 16-24 ಮಿ.ಮೀ. ಲೆನ್ಸ್ ಬಿಟ್ಟು 70-200ರಲ್ಲಿ ದೂರದಿಂದ ತೆಗೆಯಿರಿ, ಕೋಲುಗಳು ಸಾಲಾಗಿ ನಿಲ್ಲುತ್ತವೆ.

ಬಣ್ಣ ಸತ್ತಿದೆ ಅಥವಾ ಹಸಿರು ಹಿಡಿದಿದೆ

ಆಟೋ ವೈಟ್ ಬ್ಯಾಲೆನ್ಸ್ ಬೆಳಗಿನ ಹಳದಿಯನ್ನೇ ದೋಷವೆಂದು ತಿಳಿದು ತೆಗೆದುಹಾಕುತ್ತದೆ. 5300ರಿಂದ 5600 ಕೆಲ್ವಿನ್‌ನಲ್ಲಿ ಕಟ್ಟಿಹಾಕಿ; ಇನ್ನೂ ಬೆಚ್ಚಗೆ ಬೇಕಾದರೆ 6000. ಎಲೆಗಳ ಮೂಲಕ ಬಂದ ಬೆಳಕು ನೆರಳಿಗೆ ಹಸಿರು ಬಳಿಯುವುದರಿಂದ ಎಡಿಟಿಂಗ್‌ನಲ್ಲಿ ಟಿಂಟ್ ಐದರಿಂದ ಹತ್ತು ಮೆಜೆಂಟಾ ಕಡೆಗೆ ಸರಿಸಬೇಕಾಗಬಹುದು. ಪೋಲರೈಸರ್ ಫಿಲ್ಟರ್ ಒದ್ದೆ ಕಾಫಿ ಎಲೆಗಳ ಬಿಳಿ ಹೊಳಪು ತೆಗೆಯಲು ಒಳ್ಳೆಯದು, ಸೂರ್ಯನೆದುರಿನ ಕೋಲಿಗೆ ಅದರಿಂದ ಲಾಭವಿಲ್ಲ. ಒಂದರಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಬದಿಯಿಂದ ನೋಡುವ ಹೊಗೆಯ ಕೋಲನ್ನಂತೂ ಅಳಿಸಲೂಬಹುದು.

ಮೊಬೈಲ್‌ಗೆ ಸಂಬಂಧಿಸಿದ್ದು

ಫೋನು ತಾನೇ ಹಲವು ಚಿತ್ರ ಬೆಸೆದು ನೆರಳೆತ್ತಿ ಬೆಳಕಿಳಿಸುತ್ತದೆ, ಕೋಲಿಗೆ ಬೇಕಾದ ವ್ಯತ್ಯಾಸವೇ ಹೋಗುತ್ತದೆ. ಎಚ್‌ಡಿಆರ್ ನಿಲ್ಲಿಸಲು ಆಯ್ಕೆಯಿದ್ದರೆ ನಿಲ್ಲಿಸಿ, ಪ್ರೊ ಮೋಡ್ ಇದ್ದರೆ ರಾ ಆರಿಸಿ. ಎರಡೂ ಇಲ್ಲದಿದ್ದರೆ ಕೋಲಿನ ಮೇಲೆ ಬೆರಳೊತ್ತಿ ಹಿಡಿದು ಲಾಕ್ ಮಾಡಿ, ಬೆಳಕಿನ ಗೆರೆಯನ್ನು ಕೋಲಿನ ಒಳಗೆ ಎಳೆ ಕಾಣುವ ತನಕ ಕೆಳಕ್ಕೆ ಎಳೆಯಿರಿ. ಮುಖ್ಯ ಲೆನ್ಸನ್ನೇ ಬಳಸಿ.

ರಾಜಾಸೀಟಿನಲ್ಲಿ ಸಂಜೆ ಏನೂ ಸಿಗುವುದಿಲ್ಲ

ಮಡಿಕೇರಿಯ ಈ ನೋಟದ ಜಾಗದಲ್ಲಿ ಕಿಂಡಿ ಮಾಡುವುದು ಮರವಲ್ಲ, ಮೋಡ. ಜನವರಿ, ಫೆಬ್ರವರಿಯ ಮೋಡವಿಲ್ಲದ ಸಂಜೆ ಕೆಂಪು ಸೂರ್ಯ ಸಿಗುತ್ತಾನೆ, ಕೋಲು ಸಿಗದು. ಮುಂಗಾರು ಹಿಂದೆ ಸರಿಯುವ ಅಕ್ಟೋಬರ್ ಮತ್ತು ಮಳೆಗೆ ಮುಂಚಿನ ಏಪ್ರಿಲ್, ಮೇ ತಿಂಗಳ ಒಡೆದ ಮೋಡಗಳ ದಿನ ಹೋಗಿ. ಸೂರ್ಯ ಮೋಡದ ಹಿಂದೆ ಸರಿದು ಅಂಚು ಬೆಳ್ಳಿಯಾದಾಗ, ಸೂರ್ಯನ ಪಕ್ಕದ ಆಕಾಶವನ್ನು ಅಳೆದು ಒಂದು ಸ್ಟಾಪ್ ಇಳಿಸಿ, ದೂರದ ಲೆನ್ಸಿನಲ್ಲಿ ಕಣಿವೆಯ ಪದರಗಳ ಮೇಲೆ ಬೀಳುವ ಭಾಗವನ್ನಷ್ಟೇ ಕತ್ತರಿಸಿಕೊಳ್ಳಿ. ಒಮ್ಮೆ ಹಿಂದಿರುಗಿ ಪೂರ್ವವನ್ನೂ ನೋಡಿ. ಅವೇ ಕೋಲುಗಳು ಆಕಾಶ ದಾಟಿ ಅಲ್ಲಿ ಮತ್ತೆ ಕೂಡಿದಂತೆ ಕಾಣುವುದುಂಟು, ಜನರೆಲ್ಲ ಪಶ್ಚಿಮಕ್ಕೇ ಫೋನ್ ಹಿಡಿದಿರುತ್ತಾರೆ. ಮಾಂದಲಪಟ್ಟಿ ಬೆಟ್ಟದ ಬೆಳಗಿಗೂ ಇದೇ ಲೆಕ್ಕ: ಕೆಳಗಿನ ಮಂಜಿನ ಸಮುದ್ರ ಎಷ್ಟೇ ಚೆನ್ನಾಗಿದ್ದರೂ ಸೂರ್ಯನ ಮುಂದೆ ಒಡೆದ ಮೋಡವಿಲ್ಲದೆ ಕೋಲಿಲ್ಲ.

ಮನೆಗೆ ಬಂದ ಮೇಲೆ ಕೋಲು ಮಾಯ

ಡಿಹೇಜ್ ಎಂಬ ಸ್ಲೈಡರ್ ಮಂಜು ತೆಗೆಯಲೆಂದೇ ಇರುವುದು. ಇಡೀ ಚಿತ್ರಕ್ಕೆ ಅದನ್ನು ಮೂವತ್ತು ನಲವತ್ತಕ್ಕೆ ಎಳೆದು ಕೋಲು ಹೋಯಿತು ಎಂದರೆ ಹೋಗದೆ ಇನ್ನೇನು. ಸೊನ್ನೆಗೆ ತನ್ನಿ. ಬ್ರಷ್‌ನಿಂದ ಕೋಲುಗಳ ಉದ್ದಕ್ಕೆ ಮಾತ್ರ ವೈಟ್ಸ್ ಹತ್ತರಿಂದ ಹದಿನೈದು ಏರಿಸಿ, ಅವುಗಳ ನಡುವಿನ ನೆರಳಿಗೆ ಎಕ್ಸ್‌ಪೋಷರ್ 0.3 ಇಳಿಸಿ. ಶಾಡೋಸ್ ಪೂರ್ತಿ ಎತ್ತಬೇಡಿ, ಕೋಲಿಗೆ ಆಧಾರ ಆ ಕಪ್ಪೇ.

ಕೋಲಿನ ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಮೂಡಿದ್ದರೆ ಬಣ್ಣದ ಹಂತಗಳು ಸಾಲದೆ ಹೋಗಿವೆ. ಜೆಪೆಗ್ ಫೈಲನ್ನು ಎಳೆದಾಡಿದರೆ ಹೀಗಾಗುತ್ತದೆ. ರಾ ಫೈಲಿನಿಂದ 16 ಬಿಟ್‌ನಲ್ಲಿ ಎಡಿಟ್ ಮಾಡಿ, ಗ್ರೇನ್ ಹತ್ತರಷ್ಟು ಸೇರಿಸಿ, ಕೊನೆಗೆ ಒಮ್ಮೆ ಮಾತ್ರ ಜೆಪೆಗ್ ಮಾಡಿ, ಗುಣಮಟ್ಟ 90ಕ್ಕಿಂತ ಕಡಿಮೆ ಬೇಡ. ನಿಮ್ಮ ಪರದೆಯಲ್ಲಿ ಸರಿಯಿದ್ದು ವಾಟ್ಸ್‌ಆಪ್‌ನಲ್ಲಿ ನೋಡಿದವರು ಪಟ್ಟೆ ಇದೆ ಅಂದರೆ ಫೈಲಿನಲ್ಲಿ ದೋಷವಿಲ್ಲ. ಅದು ಕಳಿಸುವಾಗ ಹಿಂಡಿದ್ದರಿಂದ ಬಂದದ್ದು. ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ.